ಕೇಬಲ್‌ಗೆ ಬಾಯಿ ಬಂದ ಕಥೆ

ಲ್ಯಾಪ್‌ಟಾಪ್‌ನಲ್ಲಿ ಸಿನಿಮಾ ಚೆನ್ನಾಗಿ ಓಡ್ತಾ ಇರುತ್ತೆ. ಕೇಬಲ್ ಹಾಕಿ ಹಳೇ ಪ್ರೊಜೆಕ್ಟರ್‌ಗೆ ಕೊಟ್ಟ ತಕ್ಷಣ ಗೋಡೆ ಮೇಲೆ ಬರೀ ಕಪ್ಪು. ಡೆಸ್ಕ್‌ಟಾಪ್ ಕಾಣುತ್ತೆ, ಮೌಸ್ ಓಡಾಡುತ್ತೆ, ಸಿನಿಮಾ ಮಾತ್ರ ಇಲ್ಲ. ಕೇಬಲ್ ಕೆಟ್ಟಿದೆ ಅಂತ ಹೊಸದು ತರ್ತೀರಿ, ಆಗಲೂ ಅಷ್ಟೇ. ಯಾಕಂದ್ರೆ ಅಲ್ಲಿ ಏನೂ ಕೆಟ್ಟಿಲ್ಲ. ತೋರಿಸಬಾರದು ಅಂತಲೇ ಅದನ್ನು ಹಾಗೆ ಮಾಡಿದ್ದಾರೆ. ಕಂಪ್ಯೂಟರನ್ನು ಟಿವಿಗೆ ಸೇರಿಸುವ ಒಂದು ಮೂಕ ತಂತಿ ಮಾತಾಡೋಕೆ ಕಲಿತು, ಆಮೇಲೆ ‘ಆಗಲ್ಲ’ ಅನ್ನೋಕೂ ಕಲಿತದ್ದು ಹೇಗೆ? ಇವತ್ತಿನ ಕಂತು ಅದರ ಬಗ್ಗೆ.

1977ಕ್ಕೆ ಹೋಗೋಣ. ಅಮೆರಿಕದಲ್ಲಿ ಆಪಲ್ 2 ಮಾರುಕಟ್ಟೆಗೆ ಬಂದ ವರ್ಷ. ಕಂಪ್ಯೂಟರ್‌ಗೆ ಅಂತಲೇ ಬೇರೆ ಮಾನಿಟರ್ ಕೊಳ್ಳೋದು ದುಬಾರಿ, ಆದರೆ ಮನೆಯಲ್ಲಿ ಟಿವಿ ಇದೆಯಲ್ಲ! ತೊಂದರೆ ಏನಂದ್ರೆ, ಆಗಿನ ಮಾಮೂಲಿ ಟಿವಿಗೆ ಹೊರಗಿನಿಂದ ಚಿತ್ರ ಕೊಡೋಕೆ ಇದ್ದದ್ದು ಒಂದೇ ದಾರಿ, ಆಂಟೆನಾ ಸಿಕ್ಕಿಸುವ ಜಾಗ. ಹಾಗಾಗಿ ಕಂಪ್ಯೂಟರ್ ಒಂದು ಪುಟ್ಟ ಟಿವಿ ಕೇಂದ್ರದ ವೇಷ ಹಾಕಬೇಕಾಯ್ತು. ಆರ್‌ಎಫ್ ಮಾಡ್ಯುಲೇಟರ್ ಅನ್ನೋ ಚಿಕ್ಕ ಡಬ್ಬಿ ಕಂಪ್ಯೂಟರಿನ ಚಿತ್ರವನ್ನು ಟಿವಿ ಚಾನೆಲ್‌ನ ತರಂಗದ ಮೇಲೆ ಕೂರಿಸಿ ಕಳಿಸುತ್ತಿತ್ತು. ನೀವು ಟಿವಿಯ ತಿರುಗಣೆಯನ್ನು ಆ ಚಾನೆಲ್‌ಗೆ ತಿರುಗಿಸಿದರೆ ನಿಮ್ಮ ಪ್ರೋಗ್ರಾಂ ಕಾಣುತ್ತಿತ್ತು.

ಆದರೆ ಈ ಡಬ್ಬಿಯಿಂದ ತರಂಗ ಸೋರಿದರೆ ಪಕ್ಕದ ಮನೆಯವರ ಟಿವಿ ಹಾಳು. ಹಾಗಾಗಿ ಅಲ್ಲಿನ ಸಂವಹನ ಆಯೋಗ ಎಫ್‌ಸಿಸಿ ಇದರ ಮೇಲೆ ಕಣ್ಣಿಟ್ಟಿತ್ತು. ಆಪಲ್ ಒಂದು ಉಪಾಯ ಹುಡುಕಿತು. ಸ್ಟೀವ್ ವೋಜ್ನಿಯಾಕ್ ವಿನ್ಯಾಸ ಮಾಡಿದ ಯಂತ್ರದಲ್ಲಿ ಬಣ್ಣದ ವಿಡಿಯೋ ಹೊರಗೆ ಬರುತ್ತೆ, ಆದರೆ ಮಾಡ್ಯುಲೇಟರ್ ಮಾತ್ರ ಪೆಟ್ಟಿಗೆಯಲ್ಲಿ ಇಲ್ಲ. ಅದನ್ನು ಇನ್ನೊಂದು ಸಣ್ಣ ಕಂಪನಿ ಬೇರೆಯಾಗಿ ಮಾರಿತು. ಕಾಗದದ ಮೇಲೆ ನೋಡಿದರೆ ಆ ಡಬ್ಬಿಗೂ ಆಪಲ್‌ಗೂ ಸಂಬಂಧವೇ ಇಲ್ಲ! ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ಗೆ ಈ ಜಾಣತನ ಒದಗಲಿಲ್ಲ. 1979ರಲ್ಲಿ ಅವರ ಟಿಐ-99/4 ಬಂದಾಗ ಮಾಡ್ಯುಲೇಟರ್‌ಗೆ ಅನುಮತಿ ಸಿಕ್ಕಿರಲಿಲ್ಲ. 13 ಇಂಚಿನ ಮಾನಿಟರ್ ಸೇರಿಸಿ 1,150 ಡಾಲರಿಗೆ ಮಾರಿದರು. ಎರಡು ವರ್ಷದ ನಂತರ ಬಂದ 99/4ಎ ಮಾದರಿ ಮನೆಯ ಟಿವಿಗೇ ಸೇರುತ್ತಿತ್ತು, ಬೆಲೆ 525 ಡಾಲರ್. ಬೆಲೆ ಇಳಿಯೋಕೆ ಬೇರೆ ಕಾರಣಗಳೂ ಇದ್ದವು, ಆದರೆ ಆ ಕಡ್ಡಾಯದ ಮಾನಿಟರ್ ತಪ್ಪಿದ್ದು ಸಣ್ಣ ಉಳಿತಾಯ ಅಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಆಗಲೂ ಅನುಮತಿ ಬೇಕಿತ್ತು, ಆದರೆ ಅದನ್ನು ಕೇಳಬೇಕಾದವರು ಕಂಪನಿಯವರು. ಒಮ್ಮೆ ಡಬ್ಬಿ ಮನೆಗೆ ಬಂದ ಮೇಲೆ ತಂತಿ ನಿಮ್ಮನ್ನು ಏನೂ ಕೇಳುತ್ತಿರಲಿಲ್ಲ.

ನಮ್ಮ ದೇಶದ ಶಾಲೆಗಳಿಗೂ ಈ ಕಥೆ ಅದೇ ಕಾಲದಲ್ಲಿ ಬಂತು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಅನ್ನೋ ಯೋಜನೆ ಶುರು ಮಾಡಿ, ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟಿತು. ಆ ಕಂಪ್ಯೂಟರಿನ ಹಿಂಬದಿಯಲ್ಲಿ ಚಿತ್ರಕ್ಕೇ ಮೂರು ಸಾಕೆಟ್: ಟಿವಿಯ ಆಂಟೆನಾಗೆ ಒಂದು, ಸಾದಾ ವಿಡಿಯೋಗೆ ಒಂದು, ಕೆಂಪು-ಹಸಿರು-ನೀಲಿಯನ್ನು ಬೇರೆ ಬೇರೆ ಮಾಡಿ ಕಳಿಸೋಕೆ ಇನ್ನೊಂದು. ಆಂಟೆನಾ ದಾರಿಯಲ್ಲಿ ಅಕ್ಷರ ಕಲಸಿಹೋಗುತ್ತೆ. ಬಣ್ಣಗಳನ್ನು ಬೇರೆ ಮಾಡಿದರೆ ಚೊಕ್ಕ.

ಈ ಮೂರನೇ ಉಪಾಯವೇ ಮುಂದೆ ಗೆದ್ದದ್ದು. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರ್‌ಗಳ ಜೊತೆ ವಿಜಿಎ ತಂದಿತು. ಸಾಲಿಗೆ ಐದರಂತೆ ಮೂರು ಸಾಲು, ಒಟ್ಟು 15 ಪಿನ್. ಕಾಲೇಜಿನ ಪ್ರೊಜೆಕ್ಟರ್‌ನಲ್ಲಿ ನೀವು ನೋಡಿರುವ ಆ ನೀಲಿ ಪ್ಲಗ್, ಎರಡೂ ಬದಿಗೆ ಸ್ಕ್ರೂ ಇರೋದು, ಅದೇ. ಒಳಗೆ ನಡೆಯೋದು ಸರಳ. ಒಂದೊಂದು ಬಣ್ಣಕ್ಕೆ ಒಂದೊಂದು ತಂತಿ, ವೋಲ್ಟೇಜ್ ಹೆಚ್ಚಾದಷ್ಟೂ ಆ ಬಣ್ಣ ಗಾಢ. ಗೀಟು ಎಲ್ಲಿ ಮುಗೀತು, ಪರದೆ ಎಲ್ಲಿ ಮುಗೀತು ಅಂತ ಹೇಳೋಕೆ ಇನ್ನೆರಡು ತಂತಿ. ಆದರೆ ಟಿವಿಗೆ ಇದು ಅರಗಲಿಲ್ಲ. ನಮ್ಮ ಹಳೇ ಟಿವಿ ಸೆಕೆಂಡಿಗೆ 15,625 ಗೀಟು ಎಳೆಯುತ್ತಿತ್ತು. ವಿಜಿಎ ಕಳಿಸುತ್ತಿದ್ದದ್ದು ಸುಮಾರು 31,500. ಹಾಗಾಗಿ ವಿಜಿಎ ಟಿವಿಯನ್ನು ಬಿಟ್ಟು ಮಾನಿಟರ್, ಪ್ರೊಜೆಕ್ಟರ್‌ಗಳ ಜೊತೆ ಸಂಸಾರ ಹೂಡಿತು.

ಪ್ರೊಜೆಕ್ಟರ್‌ಗೂ ಒಂದು ತಾರೀಕು ಇದೆ. 1992ರ ಫೆಬ್ರವರಿ 25, ಪ್ಯಾರಿಸ್‌ನ ಹೋಟೆಲ್ ರೆಜಿನಾ. ಪವರ್‌ಪಾಯಿಂಟ್ ರೂಪಿಸಿದವರಲ್ಲಿ ಮುಖ್ಯರಾದ ರಾಬರ್ಟ್ ಗ್ಯಾಸ್ಕಿನ್ಸ್ ಮೈಕ್ರೋಸಾಫ್ಟ್ ನೌಕರರ ಸಭೆಗೆ ಲ್ಯಾಪ್‌ಟಾಪ್ ತಂದು, ಅದಕ್ಕೆ ವಿಡಿಯೋ ಕೇಬಲ್ ಸಿಕ್ಕಿಸಿ, ಬಣ್ಣದ ಸ್ಲೈಡ್‌ಗಳನ್ನು ನೇರ ಪರದೆಗೆ ಹಾಕಿದರು. ಅಲ್ಲಿವರೆಗೆ ಸ್ಲೈಡ್ ಅಂದ್ರೆ ಪ್ಲಾಸ್ಟಿಕ್ ಹಾಳೆ, ಇಲ್ಲವೇ ಫಿಲ್ಮ್. ಇವತ್ತಿನ ಪ್ರತಿಯೊಂದು ಸೆಮಿನಾರ್ ಹಾಲ್ ಆ ಕೇಬಲ್‌ನ ಮೊಮ್ಮಗು ಅನ್ನಬಹುದು.

1994ರಲ್ಲಿ ಕೇಬಲ್‌ಗೆ ಬಾಯಿ ಬಂತು. ಮಾನಿಟರ್ ತಾನು ಯಾರು, ಎಷ್ಟು ದೊಡ್ಡ ಚಿತ್ರ ತೋರಿಸಬಲ್ಲೆ ಅಂತ ಕಂಪ್ಯೂಟರ್‌ಗೆ ಹೇಳುವ ಪದ್ಧತಿಯನ್ನು ವೆಸಾ ಸಂಸ್ಥೆ ಗೊತ್ತು ಮಾಡಿತು. ಇದು ಒಳ್ಳೆಯ ಮಾತುಕತೆ. ಸಿಕ್ಕಿಸಿದ ಕೂಡಲೇ ಚಿತ್ರ ಸರಿಯಾಗಿ ಕೂರೋದು ಇದರಿಂದಲೇ.

2002ರ ಡಿಸೆಂಬರ್‌ನಲ್ಲಿ ಎಚ್‌ಡಿಎಂಐ ಬಂತು. ಸೋನಿ, ಪ್ಯಾನಾಸಾನಿಕ್, ಫಿಲಿಪ್ಸ್, ತೋಷಿಬಾ, ಹಿಟಾಚಿ ಥರದ ಟಿವಿ ಕಂಪನಿಗಳು ಸೇರಿ ಮಾಡಿದ್ದು. 19 ಪಿನ್, ಚಿತ್ರ ಮತ್ತು ಧ್ವನಿ ಒಂದೇ ತಂತಿಯಲ್ಲಿ. 25 ವರ್ಷಗಳ ಕನಸು ನನಸಾಯ್ತು: ಕಂಪ್ಯೂಟರ್ ಮತ್ತು ಟಿವಿಗೆ ಒಂದೇ ಪ್ಲಗ್. ಆದರೆ ಹಾಲಿವುಡ್‌ಗೆ ಭಯ. ಹಳೇ ಸಿಗ್ನಲ್‌ನಲ್ಲಿ ನಕಲಿನ ನಕಲು ಮಾಡಿದಷ್ಟೂ ಚಿತ್ರ ಮಾಸುತ್ತಿತ್ತು, ಡಿಜಿಟಲ್‌ನಲ್ಲಿ ಸಾವಿರನೇ ನಕಲೂ ಅಸಲಿನಂತೆಯೇ. ಭಯ ಸುಳ್ಳಲ್ಲ. ಹಾಗಾಗಿ ಇಂಟೆಲ್ ರೂಪಿಸಿದ್ದ ಎಚ್‌ಡಿಸಿಪಿ ಅನ್ನೋ ಬೀಗವೂ ಜೊತೆಗೆ ಬಂತು. ಸಿನಿಮಾ ಕಳಿಸೋ ಮುಂಚೆ ಈ ತುದಿ ಆ ತುದಿಯನ್ನು ಕೇಳುತ್ತೆ: ‘ನಿನ್ನ ಹತ್ರ ಕೀಲಿ ಇದೆಯಾ?’ ಉತ್ತರ ಬರದಿದ್ದರೆ ಕಪ್ಪು. ಓಟಿಟಿ ಆ್ಯಪ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಕಪ್ಪು ಬರುತ್ತಲ್ಲ, ಅದರ ಅಣ್ಣ ಇದು.

ಈಗ ಮೊದಲಿನ ಆ ಗೋಡೆಗೆ ಬನ್ನಿ. ವಿಜಿಎ ಪ್ರೊಜೆಕ್ಟರ್‌ಗೆ ಕೀಲಿ ಇಟ್ಟುಕೊಳ್ಳುವ ಜಾಗವೇ ಇಲ್ಲ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಅಡಾಪ್ಟರ್ ಹಾಕಿದರೆ ಸ್ಲೈಡ್ ಬರುತ್ತೆ, ಬೀಗ ಹಾಕಿದ ಸಿನಿಮಾ ಬರಲ್ಲ.

ನಾನು ಓದಿದ್ದು ಬಿ.ಕಾಂ., ಹಾಗಾಗಿ ಕಣ್ಣು ದರಪಟ್ಟಿ ಕಡೆ ಹೋಯ್ತು. ಎಚ್‌ಡಿಎಂಐ ಬಳಸುವ ತಯಾರಕರು ವಾರ್ಷಿಕ ಶುಲ್ಕದ ಮೇಲೆ ಒಂದೊಂದು ಸಾಧನಕ್ಕೂ ರಾಯಲ್ಟಿ ಕೊಡಬೇಕು ಅಂತ ಲೆಕ್ಕ ಹಾಕಿದ್ದರು: 15 ಸೆಂಟ್. ಲೋಗೋ ಹಾಕಿದರೆ 5 ಸೆಂಟ್. ಜೊತೆಗೆ ಬೀಗವನ್ನೂ ಅಳವಡಿಸಿದರೆ 4 ಸೆಂಟ್. ಅಂದ್ರೆ ಬೀಗ ಹಾಕಿದವರಿಗೆ ಡಿಸ್ಕೌಂಟ್! ಒಂದು ಸೆಂಟ್ ಏನು ಮಹಾ ಅನ್ನಬೇಡಿ. ಕೋಟಿ ಟಿವಿ ಮಾಡುವವರಿಗೆ ಅದು ಒಂದು ಲಕ್ಷ ಡಾಲರ್.

ಬೀಗ ಭದ್ರವಾಗಿ ಉಳೀತಾ? ಇಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಅದರ ಮೂಲ ಕೀಲಿಯೇ ಇಂಟರ್‌ನೆಟ್‌ಗೆ ಸೋರಿತು, ಅದು ಅಸಲಿ ಅಂತ ಇಂಟೆಲ್ ಕೂಡ ಒಪ್ಪಿತು. ಅದೇ ಡಿಸೆಂಬರ್‌ನಲ್ಲಿ ಇಂಟೆಲ್, ಎಎಂಡಿ, ಡೆಲ್, ಲೆನೊವೊ ಮೊದಲಾದವರು 2015ರೊಳಗೆ ವಿಜಿಎ ನಿಲ್ಲಿಸ್ತೀವಿ ಅಂತ ಘೋಷಿಸಿದರು. ಬೀಗ ಸೋರಿದರೂ ಉಳೀತು, ಬೀಗವಿಲ್ಲದ ಕೇಬಲ್ ಮನೆಗೆ ಹೊರಟಿತು. ಕಳ್ಳನಕಲು ಮಾಡುವವರು ಬೇರೆ ದಾರಿ ಹಿಡಿದರು. ಸಿಕ್ಕಿಬಿದ್ದದ್ದು ಚಂದಾ ಕಟ್ಟಿ, ಹಳೇ ಪ್ರೊಜೆಕ್ಟರ್‌ನಲ್ಲಿ ಒಂದು ಸಾಕ್ಷ್ಯಚಿತ್ರ ತೋರಿಸೋಕೆ ಹೊರಟ ಮೇಷ್ಟ್ರು.

ನಿಮ್ಮ ಫೋನಿನ ಟೈಪ್-ಸಿ ಪೋರ್ಟ್‌ನದ್ದೂ ಇದೇ ವಂಶ. ಕೆಲವು ಫೋನ್‌ಗಳಲ್ಲಿ ಅದು ಚಿತ್ರವನ್ನೂ ಕಳಿಸುತ್ತೆ, ಕೆಲವರದ್ದರಲ್ಲಿ ಚಾರ್ಜ್ ಮತ್ತು ಫೈಲ್ ಅಷ್ಟೇ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ. ಕೊಳ್ಳೋ ಮುಂಚೆ ‘ಡಿಸ್‌ಪ್ಲೇಪೋರ್ಟ್ ಸಪೋರ್ಟ್ ಇದೆಯಾ’ ಅಂತ ಕೇಳಿ.

ಕಾಲೇಜಿನಲ್ಲಿ ಫಿಲ್ಮ್ ಶೋ ಇಟ್ಟುಕೊಂಡಿದ್ದರೆ ಹಿಂದಿನ ದಿನವೇ ಅದೇ ಪ್ರೊಜೆಕ್ಟರ್‌ನಲ್ಲಿ ಅದೇ ಸಿನಿಮಾ ಹಾಕಿ ನೋಡಿ, ಬರೀ ಸ್ಲೈಡ್ ಹಾಕಿ ನೋಡಿದರೆ ಸಾಲದು. ಪರದೆ ಕಪ್ಪಾದರೆ ಕೇಬಲ್ ಹಾಕಿದ ಹುಡುಗನನ್ನು ಬೈಯೋ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಪರದೆ ನಮ್ಮದು, ಚಂದಾ ನಮ್ಮದು, ‘ಆಗಲ್ಲ’ ಅನ್ನುತ್ತಿರೋದು ಯಾರು? ಮುಂದಿನ ಕಂತಿನಲ್ಲಿ ಸಿಗೋಣ.