ಪಸ್ತಾಪುರದ ಜೋಳದ ಲೆಕ್ಕ

ಹೈದರಾಬಾದಿನಿಂದ ಬೀದರಿಗೆ ಹೊರಟವರು ಮುಂಬೈ ಹೆದ್ದಾರಿಯಲ್ಲಿ ಸುಮಾರು ನೂರು ಕಿಲೋಮೀಟರ್ ಬಂದು ಜಹೀರಾಬಾದಿನಲ್ಲಿ ಚಹಾಕ್ಕೆ ನಿಲ್ಲುತ್ತಾರೆ. ಊರಿಗೆ ಅಂಟಿಕೊಂಡೇ ಪಸ್ತಾಪುರವಿದೆ. ಎಷ್ಟೋ ವರ್ಷ ಆ ದಾರಿಯಲ್ಲಿ ಓಡಾಡಿದರೂ ನಾನು ಅತ್ತ ತಿರುಗಿ ನೋಡಿರಲಿಲ್ಲ.

1956ರವರೆಗೆ ಜಹೀರಾಬಾದ್ ಬೀದರ್ ಜಿಲ್ಲೆಯದೇ ತಾಲ್ಲೂಕು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು, ಜಹೀರಾಬಾದಿನ ಬಹುಪಾಲು ಆಂಧ್ರಕ್ಕೆ ಹೋಯಿತು. ಗಡಿ ಬಿದ್ದರೂ ಎರಡೂ ಕಡೆಯ ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಉಳಿದವು.

ತಾಟು ಬದಲಾದದ್ದು 1983ರ ನಂತರ. ಆ ವರ್ಷ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ ಎರಡು ರೂಪಾಯಿಯ ಅಕ್ಕಿ ಕೊಡತೊಡಗಿತು. ಅಗ್ಗದ ಅಕ್ಕಿಯನ್ನು ಹಳಿಯುವುದು ಹೊಟ್ಟೆ ತುಂಬಿದವರ ಚಟ. ಹಸಿದವರಿಗೆ ಅದು ದೊಡ್ಡ ಆಸರೆಯೇ ಆಗಿತ್ತು. ಆದರೆ ಆ ಅಕ್ಕಿ ಬೆಳೆಯುತ್ತಿದ್ದುದು ದೂರದ ನೀರಾವರಿ ಸೀಮೆಯಲ್ಲಿ. ಇಲ್ಲಿ ಜೋಳ ಬಿತ್ತುವುದು ಕಡಿಮೆಯಾಯಿತು, ಹೊಲ ಬೀಳು ಬಿತ್ತು. ಕೂಲಿ ಹೋಯಿತು, ದನಕ್ಕೆ ಕಣಿಕೆ ಇಲ್ಲ, ದನವಿಲ್ಲದೆ ಗೊಬ್ಬರವಿಲ್ಲ. ಭೂಸುಧಾರಣೆಯಲ್ಲಿ ದಲಿತರಿಗೆ ಸಿಕ್ಕಿದ್ದ ನೆಲವೋ ಮೊದಲೇ ಗರಸು.

ಅದೇ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಹುಟ್ಟಿತು. ಕಟ್ಟಿದವರಲ್ಲಿ ಮುಖ್ಯರು ಪಿ.ವಿ. ಸತೀಶ್, ಮೈಸೂರಿನವರು, ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು. ಊರೂರಿನಲ್ಲಿ ಹೆಂಗಸರ 'ಸಂಘಂ'ಗಳಾದವು. ಸದಸ್ಯರಲ್ಲಿ ಹೆಚ್ಚಿನವರು ದಲಿತರು, ಅಕ್ಷರ ಬಾರದವರು.

ಈ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು 1990ರ ದಶಕದ ಮಧ್ಯದಲ್ಲಿ ಅವರು ಮಾಡಿದ ಸಮುದಾಯ ಧಾನ್ಯ ನಿಧಿ. ಬೀಳು ಹೊಲದ ಸಣ್ಣ ರೈತರಿಗೆ ಉಳುಮೆ, ಗೊಬ್ಬರ, ಬೀಜಕ್ಕೆಂದು ಸಾಲ. ಅದನ್ನು ದುಡ್ಡಿನಲ್ಲಿ ತೀರಿಸುವಂತಿಲ್ಲ. ಕೆಲವು ವರ್ಷಗಳ ಕಂತಿನಲ್ಲಿ ಜೋಳ ಅಳೆದು ಕೊಡಬೇಕು. ಆ ಜೋಳ ಊರಲ್ಲೇ ಉಳಿದು, ಕಣಜ ಬರಿದಾಗುವ ಮಳೆಗಾಲದಲ್ಲಿ ಬಡವರಿಗೆ ಅಗ್ಗದ ದರದಲ್ಲಿ ಸಿಗುತ್ತಿತ್ತು. ಅಂದರೆ ಬೆಳೆಯುವುದೂ ಕೂಡಿಡುವುದೂ ಹಂಚುವುದೂ ಒಂದೇ ಊರಿನೊಳಗಿನ ರೇಷನ್ ಅಂಗಡಿ.

ಬಡವರು ಯಾರು? ಫಲಾನುಭವಿಗಳ ಪಟ್ಟಿ ಅಂದಾಕ್ಷಣ ಎಕ್ಸೆಲ್ ತೆರೆಯುವ ಕಸುಬು ನನ್ನದು. ಅವರು ಊರವರನ್ನು ಕೂಡಿಸಿ ಮನೆಮನೆಯ ಸ್ಥಿತಿಯನ್ನು ಎಲ್ಲರೆದುರು ಚರ್ಚಿಸಿ, ಬಡತನವನ್ನು ಮಟ್ಟ ಮಟ್ಟವಾಗಿ ಗುರುತಿಸಿದರು. ತೀರಾ ಬಡವರಿಗೆ ಹೆಚ್ಚು ಜೋಳ, ಮೇಲಿನ ಮಟ್ಟಕ್ಕೆ ಕಡಿಮೆ. ನೆರೆಯವರ ಒಲೆ ಹೊತ್ತಿದೆಯೋ ಇಲ್ಲವೋ ಗೊತ್ತಿರುವವರ ಮುಂದೆ ಸುಳ್ಳು ದಾಖಲೆ ನಡೆಯುವುದು ಕಷ್ಟ.

ಹೊಲದಲ್ಲಿ ಅವರದು ನಮ್ಮ ಹಳೆ ಮೈಸೂರಿನ ಅಕ್ಕಡಿ ಸಾಲಿನಂಥದೇ ಪದ್ಧತಿ: ಜೋಳ, ಸಜ್ಜೆ, ನವಣೆ, ತೊಗರಿ, ಹುರುಳಿ, ಪುಂಡಿ ಒಟ್ಟೊಟ್ಟಿಗೆ. ಮಳೆ ನಡುವೆ ಕೈಕೊಟ್ಟು ಒಂದು ಒಣಗಿದರೂ ಬೇರು ಆಳಕ್ಕಿಳಿದ ತೊಗರಿ ನಿಲ್ಲುತ್ತದೆ. ಬೀಜ ಮನೆಯಲ್ಲೇ, ಬೂದಿ ಮತ್ತು ಬೇವಿನೆಲೆಯೊಂದಿಗೆ ಬುಟ್ಟಿಯಲ್ಲಿ. ಬೀಜ ಸಾಲ ತಂದವರು ತಂದದ್ದಕ್ಕಿಂತ ಹೆಚ್ಚು ಹಿಂದಿರುಗಿಸುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಆ ಬೀಜಗಳನ್ನು ಎತ್ತಿನ ಗಾಡಿಯಲ್ಲಿಟ್ಟು ಊರೂರು ಮೆರವಣಿಗೆ ಮಾಡುವ 'ಪಾತ ಪಂಟಲ ಜಾತರ', ಎಂದರೆ ಹಳೆಯ ಬೆಳೆಗಳ ಜಾತ್ರೆ, ಹೊರಡುತ್ತದೆ.

ಸತೀಶ್ ತಮ್ಮ ಕಸುಬಿನ ಕ್ಯಾಮೆರಾವನ್ನೂ ಈ ಹೆಂಗಸರ ಕೈಗೆ ಕೊಟ್ಟರು. 2008ರ ಅಕ್ಟೋಬರ್‌ನಲ್ಲಿ ಮಾಚನೂರಿನಿಂದ ಅವರದೇ ಸಂಘಂ ರೇಡಿಯೊ ಶುರುವಾಯಿತು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಸತೀಶ್ ತೀರಿಕೊಂಡದ್ದು 2023ರ ಮಾರ್ಚ್‌ನಲ್ಲಿ, ಹೈದರಾಬಾದಿನಲ್ಲಿ. ವಿಶ್ವಸಂಸ್ಥೆ ಸಿರಿಧಾನ್ಯಗಳಿಗೆಂದು ಮೀಸಲಿಟ್ಟಿದ್ದ ವರ್ಷ ಅದು. ನಮ್ಮ ಆಫೀಸುಗಳ ಕ್ಯಾಂಟೀನಿನಲ್ಲಿ ಆಗ ನವಣೆ ಉಪ್ಪಿಟ್ಟಿನ ಸಂಭ್ರಮ. ನವಣೆ ತಿನ್ನುವುದನ್ನು ನಾವು ಬೇಗ ಕಲಿತೆವು. ಸಂಘಂಗಳು ಕೇಳುತ್ತ ಬಂದದ್ದು ಹೊಲ ಯಾರದು, ಬೀಜ ಯಾರದು ಎಂದು.

ಬೀದರಿನ ಭಕ್ತರು ಕೇತಕಿ ಸಂಗಮೇಶ್ವರನಿಗೆ ನಡೆದುಕೊಳ್ಳುವ ಝರಾಸಂಗಮ, ಪಕ್ಕದ ನ್ಯಾಲ್ಕಲ್ ಮಂಡಲಗಳಲ್ಲಿ ಈಗ 12 ಸಾವಿರ ಎಕರೆ ಮೀರಿದ ಕೈಗಾರಿಕಾ ವಲಯದ ಯೋಜನೆಯಿದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಜಹೀರಾಬಾದನ್ನು ಹೊಸ ಕೈಗಾರಿಕಾ ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿಸಿತು. ಆ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಬರೆಯುವವರು ನಾವೇ ಇರಬಹುದು. ಪಟ್ಟಾ ಇಲ್ಲದೆ ಗುತ್ತಿಗೆಗೆ ಬಿತ್ತುವ ಹೆಂಗಸಿನ ಹೆಸರು ಪರಿಹಾರದ ಪಟ್ಟಿಯಲ್ಲಿ ಎಲ್ಲಿ ಬರುತ್ತದೆ? ಈ ಪಟ್ಟಿಯನ್ನು ಊರಿನ ನಡುವೆ ಕೂತು ಬರೆಯುತ್ತಿಲ್ಲ.