ಸೊಲ್ಲಾಪುರದ ಪೇಟೆಗಳು: ಬಂದವರು, ಹೋದವರು

ಊರೊಂದರ ಇತಿಹಾಸವನ್ನು ಶಾಸನಗಳಲ್ಲಿ ಓದಬಹುದು. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿಯೂ ಓದಬಹುದು. ಮುಖ್ಯಾಧ್ಯಾಪಕನಾಗಿದ್ದಾಗ ಹಳೆಯ ಪುಟಗಳನ್ನು ತಿರುವುವ ಹೊತ್ತಿನಲ್ಲಿ ನನ್ನ ಕಣ್ಣು ಎರಡು ಕಲಮುಗಳ ಮೇಲೆ ನಿಲ್ಲುತ್ತಿತ್ತು: ತಂದೆಯ ಉದ್ಯೋಗ, ಮನೆಯ ವಿಳಾಸ. ಸಾಲುಸಾಲಾಗಿ ‘ಗಿರಣಿ ಕೆಲಸ’ ಎಂದಿದ್ದ ಕಡೆ ಬರಬರುತ್ತ ‘ಕೂಲಿ’, ‘ಖಾಸಗಿ ನೌಕರಿ’ ಎಂಬ ಮಾತುಗಳು ಬಂದವು. ಪೇಟೆಗಳ ಹೆಸರಿದ್ದ ಕಡೆ ಊರ ಹೊರಗಿನ ‘ನಗರ’ಗಳ ಹೆಸರು ಬಂದವು. ಈ ಬದಲಾವಣೆಯ ಹಿಂದೆ ಒಂದು ದೀರ್ಘ ಚರಿತ್ರೆಯಿದೆ.

ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮರು ಕೆರೆ ಕಟ್ಟಿಸಿ ಗುಡಿ ನಿಲ್ಲಿಸಿದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಕಸಬಾ, ಬಾಳಿವೇಸ್ ಪರಿಸರದ ಕನ್ನಡ ಮನೆತನಗಳು ಬಹು ಹಳೆಯವು. 1860ರಲ್ಲಿ ರೈಲು ಬಂದಿತು. 1877ರಲ್ಲಿ ಮೊರಾರ್ಜಿ ಗೋಕುಲದಾಸರ ಗಿರಣಿ ಆರಂಭವಾಯಿತು. ಜನರ ಬಾಯಲ್ಲಿ ಅದು ‘ಜುನಿ ಮಿಲ್’. ಮುರಾರ್ಜಿ ಪೇಟೆಯ ಹೆಸರು ಅವರದೇ ನೆನಪು. ಅದೇ ವೇಳೆಗೆ 1876–78ರ ಕ್ಷಾಮ ದಖ್ಖನಿನ ಜನರನ್ನು ಊರು ಬಿಡಿಸಿತ್ತು. ತೆಲಂಗಾಣದ ಪದ್ಮಶಾಲಿ ನೇಕಾರರು ಊರಿನ ಪೂರ್ವ ಭಾಗದಲ್ಲಿ ಮಗ್ಗ ಹೂಡಿದರು. ಕನ್ನಡ ಮತ್ತು ಮರಾಠಿ ಸೀಮೆಯ ಹಳ್ಳಿಗರು ಗಿರಣಿಗಳ ಸುತ್ತಲಿನ ಚಾಳುಗಳನ್ನು ಸೇರಿದರು. ಒಂದೇ ನಲ್ಲಿಯ ಮುಂದೆ ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಕೇಳಿಬರುತ್ತಿದ್ದವು. 1930ರ ಚಳವಳಿಯ ನಿಮಿತ್ತ 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ನೇಣಿಗೇರಿದ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಈ ಬೆರಕೆಯ ಬಾಳಿನ ಮಕ್ಕಳು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೊಡ್ಡ ಗಿರಣಿಗಳು ಒಂದೊಂದಾಗಿ ಕುಸಿದವು. ವಿದ್ಯುತ್ ಮಗ್ಗಗಳ ಚಾದರು, ಟವೆಲ್ಲುಗಳು ಊರಿನ ಹೆಸರು ಉಳಿಸಿದವು. ಆದರೆ ಗಿರಣಿಯ ಕಾಯಂ ನೌಕರಿಯ ಭದ್ರತೆ ಅಲ್ಲಿರಲಿಲ್ಲ. ಹೆಣ್ಣುಮಕ್ಕಳ ಬೀಡಿ ಕೆಲಸ ಅನೇಕ ಮನೆಗಳ ಒಲೆ ಉರಿಸಿತು. ಗಂಡುಮಕ್ಕಳು ಪುಣೆಯ ಹಾದಿ ಹಿಡಿದರು.

ಇತರ ಮಹಾನಗರಗಳಲ್ಲಿ ಸಿರಿವಂತರು ಬಂದು ಬಾಡಿಗೆ ಏರಿಸಿ, ಬಡವರು ಜಾಗ ಬಿಡುವುದುಂಟು. ಸೊಲ್ಲಾಪುರದಲ್ಲಿ ಮೊದಲು ಹೋದದ್ದು ಕೆಲಸ. ಆಮೇಲೆ ಏರಿದ್ದು ಭೂಮಿಯ ಬೆಲೆ. ನಡೆಯುವ ಗಿರಣಿಗಿಂತ ನಿಂತ ಗಿರಣಿಯ ನೆಲವೇ ಲಾಭದ ವಸ್ತುವಾಯಿತು. ಜುನಿ ಮಿಲ್ಲಿನ ಆವರಣದಲ್ಲಿ ಇಂದು ವಸತಿ ಸಂಕೀರ್ಣಗಳಿವೆ. 1992ರಲ್ಲಿ ಪಾಲಿಕೆಯ ಗಡಿ ವಿಸ್ತರಿಸಿದ ಮೇಲೆ ನಾಲ್ಕು ಕಾಸು ಉಳಿಸಿದವರು ಜುಳೆ ಸೊಲ್ಲಾಪುರದತ್ತ ಸರಿದರು. ಬೀಡಿ ಕಾರ್ಮಿಕ ಮಹಿಳೆಯರಿಗೆ ಕುಂಭಾರಿಯಲ್ಲಿ ಗೋದೂತಾಯಿ ಪರುಳೇಕರ್ ಹೆಸರಿನ ಹತ್ತು ಸಾವಿರ ಮನೆಗಳ ವಸಾಹತು ಎದ್ದಿತು. 2024ರ ಜನವರಿಯಲ್ಲಿ ರಾಯನಗರದ 15,000 ಮನೆಗಳ ಹಸ್ತಾಂತರವಾಯಿತು. ಸ್ವಂತ ಸೂರು ಸಣ್ಣ ಮಾತಲ್ಲ. ಆದರೆ ಹಳೆಯ ಪೇಟೆ, ಹಳೆಯ ಶಾಲೆ ದೂರವಾದವು. ಇತ್ತ ಅಣ್ಣತಮ್ಮಂದಿರ ಪಾಲಿನಲ್ಲಿ ಒಡೆದ ವಾಡೆಗಳು ಮಾರಾಟವಾಗಿ ಅಂಗಡಿ ಸಾಲುಗಳಾದವು. ಅದಕ್ಕೆ ಪರರನ್ನಷ್ಟೇ ದೂರಲಾಗದು. ಮಾರಿದ ಕೈಗಳಲ್ಲಿ ನಮ್ಮವೂ ಇದ್ದವು.

ಇದರ ಪೆಟ್ಟು ಭಾಷೆಗೆ ತಟ್ಟದಿರದು. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಆತಿಥ್ಯವಿತ್ತ ಊರಿದು. 1974ರ ಮಂಡ್ಯ ಸಮ್ಮೇಳನದ ಅಧ್ಯಕ್ಷೆ, ಆ ಪೀಠವೇರಿದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆಯವರನ್ನು ಕೊಟ್ಟ ಊರಿದು. ಇಲ್ಲಿ ಕನ್ನಡ ಬದುಕಿದ್ದು ಸರಕಾರದ ಆಸರೆಯಿಂದಲ್ಲ, ಓಣಿಯ ಆಸರೆಯಿಂದ. ನೂರು ಕುಟುಂಬಗಳು ಒಂದೇ ಓಣಿಯಲ್ಲಿದ್ದರೆ ಕನ್ನಡ ಶಾಲೆಯೊಂದು ನಿಲ್ಲುತ್ತದೆ. ಅದೇ ನೂರು ಕುಟುಂಬಗಳು ಹತ್ತು ಬಡಾವಣೆಗಳಿಗೆ ಚದುರಿದರೆ, ಕನ್ನಡಿಗರ ಸಂಖ್ಯೆ ಒಂದೂ ಕಡಿಮೆಯಾಗದೆ ಶಾಲೆ ಮುಚ್ಚುತ್ತದೆ.

ಆದರೂ ಹಳೆಯ ಊರಿನ ನಕ್ಷೆ ವರ್ಷಕ್ಕೊಮ್ಮೆ ಎದ್ದು ನಿಲ್ಲುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಪೇಟೆಗಳ ಹಾದಿ ಹಿಡಿದು ಅರವತ್ತೆಂಟು ಲಿಂಗಗಳ ಪ್ರದಕ್ಷಿಣೆ ಮಾಡುವಾಗ, ಓಣಿ ಬಿಟ್ಟುಹೋದವರೂ ಮರಳಿ ಬಂದು ಹೆಗಲು ಕೊಡುತ್ತಾರೆ. ವಾಡೆಗಳನ್ನು ಮತ್ತೆ ಕಟ್ಟುವುದು ನಮ್ಮ ಕೈಯಲ್ಲಿಲ್ಲ. ಆದರೆ ಪ್ರತಿಯೊಂದು ಮನೆಯ ಹಿರಿಯರು ತಮ್ಮ ಹಳೆಯ ಓಣಿ, ನೆರೆಯವರು, ತಂದೆ ದುಡಿದ ಗಿರಣಿ ಇವನ್ನು ಒಂದು ಹಾಳೆಯಲ್ಲಿ ಬರೆದು ಸಂಘಕ್ಕೆ ಒಪ್ಪಿಸಬಹುದು. ಶಾಲೆಯ ರಿಜಿಸ್ಟರಿನಲ್ಲಿ ಎರಡೇ ಕಲಮುಗಳಿದ್ದವು. ಉಳಿದುದನ್ನು ತುಂಬುವ ಹೊಣೆ ನಮ್ಮದು.