ಬೂಷ್ಟು ಹಿಡಿದ ಕಟ್ಟು ಮತ್ತು ಒಣಗಿಸಿದವರ ಚರಿತ್ರೆ

ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ತೀರ್ಥಹಳ್ಳಿ ಕಡೆಯ ಒಂದು ಮನೆಗೆ ಹೋಗಿದ್ದೆ. ಮಲೆನಾಡಿನ ಅಡಿಕೆ ವ್ಯವಹಾರದ ಬಗ್ಗೆ ನಾನು ಮಾಡುತ್ತಿರುವ ಸಂಶೋಧನೆಗೆ ಬೇಕಾದ ಹಳೆಯ ಲೆಕ್ಕದ ಪುಸ್ತಕಗಳು ಆ ಮನೆಯಲ್ಲಿವೆ ಎಂದು ತಿಳಿದಿತ್ತು. ನಾಲ್ಕು ತಲೆಮಾರಿನ ಲೆಕ್ಕ. ಮನೆಯ ಅಮ್ಮ ಕಬ್ಬಿಣದ ಬೀರು ತೆರೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗಂಟು ಹಾಕಿದ್ದ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಗಂಟು ಬಿಚ್ಚಿದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಮೇಲಿನ ಪುಸ್ತಕದ ರಟ್ಟಿನ ಮೇಲೆ ಹಸಿರು, ಕಪ್ಪು, ಬಿಳಿ ಬೂಷ್ಟು. ಬಿಡಿಸಲು ಹೋದರೆ ಅಕ್ಷರಗಳೂ ಪುಡಿಯಾಗಿ ಬರುತ್ತಿದ್ದವು.

"ಜೋಪಾನವಾಗೇ ಇಟ್ಟಿದ್ವಲ್ಲ ಮಾರಾಯ್ರೆ. ನೀರು ತಾಗ್ಲಿಲ್ಲ, ಇಲಿ ಮುಟ್ಲಿಲ್ಲ" ಎಂದರು ಅಮ್ಮ. ಅವರ ಮಾತು ನಿಜವಾಗಿತ್ತು. ನೂರು ವರ್ಷ ಹಳೆಯ ಮನೆಯ ಅಟ್ಟದ ಮೇಲೆ ಕೆಡದೆ ಉಳಿದಿದ್ದ ಪುಸ್ತಕಗಳು, ಹೊಸ ತಾರಸಿ ಮನೆಯ ಬೀರುವಿನಲ್ಲಿ ನಾಲ್ಕೇ ಮಳೆಗಾಲದಲ್ಲಿ ಹೋಗಿದ್ದವು. ಯಾರೂ ಅಸಡ್ಡೆ ಮಾಡಿರಲಿಲ್ಲ. ಹಾಗಾದರೆ ಹಳೆಯ ಮನೆ ಮಾಡುತ್ತಿದ್ದದ್ದೇನು, ಹೊಸ ಮನೆಯಲ್ಲಿ ತಪ್ಪಿಹೋದದ್ದೇನು? ನನ್ನ ಪ್ರಬಂಧದ ವಿಷಯ ಅದಲ್ಲದಿದ್ದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಬೂಷ್ಟಿನ ಬೀಜಾಣುಗಳು ಎಲ್ಲ ಮನೆಯ ಗಾಳಿಯಲ್ಲೂ ಸದಾ ಇರುತ್ತವೆ. ಅವುಗಳನ್ನು ಪೂರ್ತಿ ಓಡಿಸಲು ಸಾಧ್ಯವಿಲ್ಲ. ಅವು ಮೊಳೆಯಲು ಆಹಾರ ಬೇಕು, ತೇವ ಬೇಕು. ಕಾಗದ, ಬಟ್ಟೆ, ಮರ, ಅಂಟು, ಗೋಡೆಯ ಮೇಲಿನ ದೂಳು, ಎಲ್ಲವೂ ಆಹಾರವೇ. ಅದನ್ನು ತಪ್ಪಿಸಲಾಗದು. ನಮ್ಮ ಕೈಯಲ್ಲಿರುವುದು ತೇವವೊಂದೇ. ವಸ್ತುವಿಗೆ ತಾಗಿದ ಗಾಳಿಯ ಆರ್ದ್ರತೆ ಶೇ. 70 ದಾಟಿ ಕೆಲವು ದಿನ ಹಾಗೇ ನಿಂತರೆ ಬೂಷ್ಟಿಗೆ ಅನುಕೂಲ. ನೀರು ತೊಟ್ಟಿಕ್ಕಲೇಬೇಕೆಂದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಹೊರಗಿನ ಆರ್ದ್ರತೆಯೇ ಶೇ. 90ರ ಆಸುಪಾಸು ಇರುವುದರಿಂದ ಕಿಟಕಿ ತೆರೆದಿಟ್ಟರೆ ಸಾಲದು. ಗಾಳಿಯನ್ನು ಬಿಸಿ ಮಾಡಬೇಕು. 24 ಡಿಗ್ರಿಯಲ್ಲಿ ಶೇ. 90 ಆರ್ದ್ರತೆ ಇರುವ ಗಾಳಿ 30 ಡಿಗ್ರಿಗೆ ಬಿಸಿಯಾದರೆ, ಅದರೊಳಗಿನ ನೀರು ಅಷ್ಟೇ ಇದ್ದರೂ, ಆರ್ದ್ರತೆ ಶೇ. 63ರ ಸುಮಾರಿಗೆ ಇಳಿಯುತ್ತದೆ. ಆರು ಡಿಗ್ರಿಯ ಈ ವ್ಯತ್ಯಾಸದಲ್ಲಿ ಒಂದು ಪುಸ್ತಕ ಉಳಿಯಬಹುದು, ಹೋಗಬಹುದು.

ಹಳೆಯ ಮನೆ ಈ ಆರು ಡಿಗ್ರಿಯನ್ನು ಪುಕ್ಕಟೆಯಾಗಿ ಒದಗಿಸುತ್ತಿತ್ತು. ಅಡುಗೆಮನೆಯ ಒಲೆ, ಬಚ್ಚಲ ಒಲೆ, ಎರಡೂ ಮಳೆಗಾಲವಿಡೀ ಆರುತ್ತಿರಲಿಲ್ಲ. ಶಾಖ ಮತ್ತು ಹೊಗೆ ಅಟ್ಟಕ್ಕೆ ಏರುತ್ತಿದ್ದವು. ಕಟ್ಟಿಗೆಯ ಹೊಗೆಯಲ್ಲಿರುವ ಫೀನಾಲ್‌ನಂಥ ರಾಸಾಯನಿಕಗಳು ಬೂಷ್ಟಿಗೆ ಆಗದವು. ಅಡಿಕೆ, ಬಿತ್ತನೆ ಬೀಜ, ಬುಟ್ಟಿ, ಕಂಬಳಿ, ಲೆಕ್ಕದ ಪುಸ್ತಕ ಎಲ್ಲವೂ ಅಟ್ಟ ಸೇರುತ್ತಿದ್ದದ್ದು ಜಾಗ ಇಲ್ಲವೆಂದಲ್ಲ. ಮನೆಯಲ್ಲಿ ಎಲ್ಲಕ್ಕಿಂತ ಒಣ ಜಾಗ ಅದೇ ಆಗಿತ್ತು. ಮೇಲೆ ಹಂಚು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲು, ಸೋಗೆಯ ಮಾಡುಗಳ ಜಾಗಕ್ಕೆ ಮೆಲ್ಲಗೆ ಬಂದ ಹಂಚುಗಳು ಮಳೆಯನ್ನು ತಡೆಯುತ್ತಿದ್ದವು, ಸಂದಿಗಳಿಂದ ಒಳಗಿನ ಹಬೆಯನ್ನು ಹೊರಗೆ ಬಿಡುತ್ತಿದ್ದವು. ಮಣ್ಣಿನ ಗೋಡೆಗೆ ಇರಿಚಲು ಬಡಿಯದಂತೆ ಮಳೆಗೆ ಮೊದಲೇ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಗೋಡೆಗೆ ಸುಣ್ಣ. ಹೊಸದಾಗಿ ಬಳಿದ ಸುಣ್ಣದ ಕ್ಷಾರದಲ್ಲಿ ಬೂಷ್ಟು ಬದುಕುವುದು ಕಷ್ಟ. ಗಾಳಿಯ ಇಂಗಾಲದ ಡೈ ಆಕ್ಸೈಡ್ ತಾಗಿ ಆ ಕ್ಷಾರ ಕ್ರಮೇಣ ಇಳಿಯುವುದರಿಂದ ಮತ್ತೆ ಬಳಿಯಬೇಕು. ಹಬ್ಬಕ್ಕೆ ಸುಣ್ಣ ಬಳಿಯುವ ರೂಢಿಯಲ್ಲಿ ಅಂದಕ್ಕಿಂತ ಹೆಚ್ಚಿನದೂ ಇತ್ತು.

ಇದನ್ನು ಹೇಳುವಾಗ ಹಳೆಯ ಮನೆಯನ್ನು ಹೊಗಳುವ ಮೋಹಕ್ಕೆ ಬೀಳಬಾರದು. ಪುಸ್ತಕವನ್ನು ಕಾದ ಹೊಗೆಯೇ ಅಡುಗೆಮನೆಯ ಹೆಂಗಸರ ಕಣ್ಣು, ಶ್ವಾಸಕೋಶಗಳನ್ನು ಕೆಡಿಸಿತು. ಗ್ಯಾಸ್ ಒಲೆ ಬಂದದ್ದು ಅವರಿಗೆ ಬಿಡುಗಡೆ. ಆದರೆ ಒಲೆ ಹೋದಾಗ ಅದರ ಜೊತೆ ಇನ್ನೊಂದು ಕೆಲಸವೂ ನಿಂತಿತು ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ಈಗ ಶೃಂಗೇರಿಗೆ ಬನ್ನಿ. 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ ಅವರಿಗೆ ಅಲ್ಲಿ ಟಿಪ್ಪು ಸುಲ್ತಾನ ಮಠದ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ್ದ ಪತ್ರಗಳ ಕಟ್ಟು ಸಿಕ್ಕಿತು. 1791ರಲ್ಲಿ ಮರಾಠಾ ಸೈನ್ಯದವರು ಶೃಂಗೇರಿಯನ್ನು ಲೂಟಿ ಮಾಡಿದ ಸಂದರ್ಭದ ಪತ್ರಗಳೂ ಅದರಲ್ಲಿದ್ದವು. ಈ ಪತ್ರಗಳಿಂದ ಟಿಪ್ಪುವಿನ ಬಗೆಗಿನ ಚರ್ಚೆಯೇ ಬೇರೆ ದಿಕ್ಕು ಹಿಡಿಯಿತು. ಇಂದಿಗೂ ಆ ಚರ್ಚೆ ನಿಂತಿಲ್ಲ. ನಾವೆಲ್ಲ ಪತ್ರದೊಳಗೆ ಏನಿದೆ ಎಂದು ಓದಿದ್ದೇವೆ. ನಾನೀಗ ಕೇಳುವುದು ಬೇರೆ: 1791ರಿಂದ 1916ರವರೆಗೆ 125 ಮಳೆಗಾಲ. ಆಗುಂಬೆಯ ನೆರೆಯ ಊರಿನಲ್ಲಿ, ಮೂರು ತಿಂಗಳು ಬಿಸಿಲೇ ಕಾಣದ ಜಾಗದಲ್ಲಿ, ಕಾಗದ ಓದಲು ಸಿಗುವ ಸ್ಥಿತಿಯಲ್ಲಿ ಹೇಗೆ ಉಳಿಯಿತು? ತನ್ನಷ್ಟಕ್ಕೆ ಉಳಿಯುವುದಂತೂ ಸಾಧ್ಯವಿಲ್ಲ. ಯಾರೋ ಒಣ ಜಾಗದಲ್ಲಿ ಇಟ್ಟಿರಬೇಕು, ಆಗಾಗ ಬಿಚ್ಚಿ ನೋಡಿರಬೇಕು. ಬರೆಸಿದವನ ಹೆಸರು ಗೊತ್ತು, ಪಡೆದವರ ಹೆಸರು ಗೊತ್ತು, ಕಂಡುಹಿಡಿದವರ ಹೆಸರು ಗೊತ್ತು. ನಡುವಿನ 125 ವರ್ಷದ ಆ ಕೈಗಳ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ಮೂಡುಬಿದಿರೆಯಲ್ಲಿ ಆ ಕೈಗಳ ಕೆಲಸಕ್ಕೆ ಪಂಚಾಂಗದಲ್ಲೇ ಜಾಗ ಸಿಕ್ಕಿದೆ. ಅಲ್ಲಿನ ಬಸದಿಯಲ್ಲಿ ಶತಮಾನಗಳಿಂದ ಕಾಪಾಡಿಕೊಂಡು ಬಂದ ಧವಲಾ, ಜಯಧವಲಾ, ಮಹಾಧವಲಾ ತಾಳೆಗರಿ ಪ್ರತಿಗಳು ಸುಮಾರು 12ನೇ ಶತಮಾನದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ಅವು ಉಳಿದವು. ದಿಗಂಬರ ಜೈನರು ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿ ಆಚರಿಸುತ್ತಾರೆ. ಷಟ್ಖಂಡಾಗಮ ಪೂರ್ತಿಯಾದ ದಿನದ ನೆನಪು ಅದು. ಅಂದು ಗ್ರಂಥಗಳನ್ನು ಹೊರತೆಗೆದು, ದೂಳು ಕೊಡವಿ, ಹೊಸ ಬಟ್ಟೆಯಲ್ಲಿ ಸುತ್ತಿ ಪೂಜಿಸುವುದು ವಾಡಿಕೆ. ತಿಥಿ ಬರುವುದು ಮೇ ಕೊನೆ ಅಥವಾ ಜೂನ್‌ನಲ್ಲಿ, ಮಳೆ ಕಾಲಿಡುವ ಹೊತ್ತಿಗೆ. ಶ್ವೇತಾಂಬರರ ಜ್ಞಾನಪಂಚಮಿ ಕಾರ್ತಿಕದಲ್ಲಿ, ಮಳೆ ಮುಗಿದ ಮೇಲೆ. ನಮ್ಮ ಮನೆಗಳಲ್ಲಿ ಪುಸ್ತಕ ಹೊರತೆಗೆದು ಇಡುವ ಸರಸ್ವತಿ ಪೂಜೆಯೂ ನವರಾತ್ರಿಯಲ್ಲಿ, ಮಳೆ ಹಿಂದೆ ಸರಿಯುವಾಗ. ಬೂಷ್ಟಿಗೆ ಹೆದರಿಯೇ ಈ ಹಬ್ಬಗಳು ಹುಟ್ಟಿದವು ಎಂದು ನಾನು ಹೇಳುತ್ತಿಲ್ಲ. ಅವುಗಳ ಅರ್ಥ ದೊಡ್ಡದು. ಆದರೆ ವರ್ಷಕ್ಕೊಮ್ಮೆಯಾದರೂ ಕಟ್ಟು ಬಿಚ್ಚಲೇಬೇಕು ಎಂಬ ನಿಯಮ ಭಕ್ತಿಯ ರೂಪದಲ್ಲಿ ಬಂದಿದ್ದರಿಂದ ಯಾರೂ ಅದನ್ನು ತಪ್ಪಿಸಲಿಲ್ಲ.

ತೇವವನ್ನು ಹಾಗೇ ಬಿಟ್ಟು ಮೇಲೆ ಚಂದ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಯುರೋಪಿನಲ್ಲಿ ಒಂದು ವಿಚಿತ್ರ ಕತೆಯಿದೆ. 1775ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ ಆರ್ಸೆನಿಕ್ ಮತ್ತು ತಾಮ್ರದಿಂದ ಹೊಳೆಯುವ ಹಸಿರು ಬಣ್ಣ ತಯಾರಿಸಿದ. 19ನೇ ಶತಮಾನದಲ್ಲಿ ಈ ಬಗೆಯ ಹಸಿರಿನ ಕಾಗದಗಳನ್ನು ಮನೆಮನೆಯ ಗೋಡೆಗೆ ಅಂಟಿಸಿದರು. ತೇವದ ಗೋಡೆಗಳಿಗೂ ಅಂಟಿಸಿದರು. ಅಂಥ ಕೋಣೆಗಳಲ್ಲಿ ಮಲಗಿದವರು ಕಾಯಿಲೆ ಬಿದ್ದ ಸುದ್ದಿಗಳು ಬರತೊಡಗಿದವು. 1890ರ ದಶಕದಲ್ಲಿ ಇಟಲಿಯ ಬಾರ್ತೊಲೊಮಿಯೊ ಗೋಸಿಯೊ, ಹಿಸುಕಿದ ಆಲೂಗಡ್ಡೆಗೆ ಆರ್ಸೆನಿಕ್ ಬೆರೆಸಿ ಅದರ ಮೇಲೆ ಬೂಷ್ಟು ಬೆಳೆಸಿ ನೋಡಿದ. ಬೂಷ್ಟು ಸಾಯಲಿಲ್ಲ. ಆರ್ಸೆನಿಕ್ಕನ್ನು ಬೆಳ್ಳುಳ್ಳಿ ವಾಸನೆಯ ಅನಿಲವಾಗಿ ಬದಲಿಸಿ ಗಾಳಿಗೆ ಬಿಟ್ಟಿತು. ಅದು ಟ್ರೈಮಿಥೈಲ್ ಆರ್ಸೀನ್ ಎಂದು 1930ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಚಾಲೆಂಜರ್ ಗುರುತಿಸಿದ. ಆ ಅನಿಲವೇ ಜನರನ್ನು ಕೊಂದಿತೋ, ಬಣ್ಣದ ಪುಡಿ ಕಾರಣವೋ ಎಂಬ ವಾದ ಆಮೇಲೂ ನಡೆದಿದೆ. ನನಗೆ ಮುಖ್ಯ ಅನಿಸಿದ್ದು ಇಷ್ಟು: ಗೋಡೆಯನ್ನು ಒಣಗಿಸುವ ಬದಲು ಮುಚ್ಚಿದರು, ಬೂಷ್ಟು ವಿಷವನ್ನೂ ದಾಟಿಕೊಂಡು ಬೆಳೆಯಿತು.

ವಿಷದ ದಾರಿ ದಾಖಲೆಗಳ ಲೋಕಕ್ಕೂ ಬಂತು. 20ನೇ ಶತಮಾನದಲ್ಲಿ ಪತ್ರಾಗಾರಗಳು ಬೂಷ್ಟು ಹಿಡಿದ ಕಾಗದಕ್ಕೆ ಥೈಮಾಲ್ ಹೊಗೆ ಹಾಕುತ್ತಿದ್ದವು. ಥೈಮಾಲ್ ಎಂದರೆ ನಮ್ಮ ಅಡುಗೆಮನೆಯ ಓಮದ ಘಾಟಿಗೆ ಕಾರಣವಾದ ವಸ್ತುವೇ. ಅದು ಇದ್ದ ಬೂಷ್ಟನ್ನು ಕೊಲ್ಲುತ್ತದೆ, ಆದರೆ ಕಾಗದ ಮತ್ತೆ ತೇವದ ಕೋಣೆಗೆ ಹೋದರೆ ಹೊಸ ಬೂಷ್ಟು ಬರುತ್ತದೆ. ತಾಳೆಗರಿಗೆ ಸಿಟ್ರೊನೆಲ್ಲಾ ಎಣ್ಣೆ ಸವರುವ ಪದ್ಧತಿ ಇಂದಿಗೂ ಇದೆ. ಗರಿ ಮೆತ್ತಗಾಗುತ್ತದೆ, ಹುಳ ದೂರವಿರುತ್ತದೆ. ಅದನ್ನೂ ಕಾಲಕಾಲಕ್ಕೆ ಮತ್ತೆ ಸವರಬೇಕು. ಒಮ್ಮೆ ಮಾಡಿ ಮರೆತುಬಿಡುವ ಉಪಾಯ ಯಾವುದೂ ಇಲ್ಲ.

ತೀರ್ಥಹಳ್ಳಿಯ ಆ ಬೀರುವಿನಲ್ಲಿ ಏನಾಯಿತು ಎಂಬುದು ಈಗ ಅರ್ಥವಾಗುತ್ತದೆ. ಬೀರುವನ್ನು ಹೊರಗೋಡೆಗೆ ಒತ್ತಿ ಇಟ್ಟಿದ್ದರು. ಮಳೆಯಲ್ಲಿ ನೆನೆದ ಗೋಡೆ ತಣ್ಣಗಿರುತ್ತದೆ, ಅದಕ್ಕೆ ತಾಗಿದ ಕಬ್ಬಿಣವೂ ತಣ್ಣಗಾಗುತ್ತದೆ, ಅದರೊಳಗಿನ ಗಾಳಿಯ ಆರ್ದ್ರತೆ ಏರುತ್ತದೆ. ಪ್ಲಾಸ್ಟಿಕ್ ಚೀಲ ಹೊರಗಿನ ನೀರನ್ನು ತಡೆಯಿತು, ಕಾಗದದೊಳಗೆ ಮೊದಲೇ ಇದ್ದ ತೇವವನ್ನೂ ಒಳಗೇ ಹಿಡಿದಿಟ್ಟಿತು. ಗೋಡೆಗೆ ಬಳಿದಿದ್ದ ಪ್ಲಾಸ್ಟಿಕ್ ಪೇಂಟ್ ಮಾಡಿದ್ದೂ ಅದನ್ನೇ. ಪೇಂಟ್ ಹೊಪ್ಪಳೆ ಎದ್ದ ಕಡೆ ಕಪ್ಪು ಚುಕ್ಕೆಗಳು ಕಾಣುತ್ತಿದ್ದವು.

ಆಮೇಲೆ ತಿಳಿದವರನ್ನು ಕೇಳಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ, ಹಳೆಯ ಕಾಗದ ಇರುವ ಮನೆಗಳಿಗೆ ಉಪಯೋಗವಾಗಬಹುದು. ಬೀರು, ಕಪಾಟುಗಳನ್ನು ಹೊರಗೋಡೆಯಿಂದ ಒಂದು ಗೇಣಾದರೂ ದೂರ ಇಡಿ. ಕಾಗದವನ್ನು ಪ್ಲಾಸ್ಟಿಕ್ ಬಿಟ್ಟು ಹತ್ತಿ ಬಟ್ಟೆಯಲ್ಲಿ ಸುತ್ತಿ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಮೊದಲು ನೆರಳಲ್ಲಿ, ಗಾಳಿಯಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಹಾಕಿ ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಕಡು ಬಿಸಿಲು ಶಾಯಿಯನ್ನು ಮಾಸಿಸುತ್ತದೆ. ಗೋಡೆಯಲ್ಲಿ ಬೂಷ್ಟಿದ್ದರೆ ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ. ಬ್ಲೀಚ್ ಹಾಕಿದರೆ ಗೋಡೆಯ ಬಣ್ಣ ಬೆಳ್ಳಗಾಗುತ್ತದೆ, ಗಾರೆಯೊಳಗಿನ ಬೇರು ಉಳಿಯುತ್ತದೆ. ಬ್ಲೀಚ್ ಜೊತೆ ಶೌಚಾಲಯದ ಆಸಿಡ್ ಮಾತ್ರ ಎಂದೂ ಬೆರೆಸಬೇಡಿ, ಏಳುವ ಕ್ಲೋರಿನ್ ಅನಿಲ ಅಪಾಯಕಾರಿ.

ಆ ಕಟ್ಟಿನಲ್ಲಿದ್ದ ಹನ್ನೊಂದು ಪುಸ್ತಕಗಳಲ್ಲಿ ಮೂರನ್ನು ಉಳಿಸಲು ಸಾಧ್ಯವಾಯಿತು. ಉಳಿದ ಎಂಟರಲ್ಲಿದ್ದ ಸಾಲ, ಬಡ್ಡಿ, ಕೂಲಿ, ಗಾಡಿ ಬಾಡಿಗೆಯ ಲೆಕ್ಕ ಇನ್ನು ಯಾರಿಗೂ ಸಿಗದು. ಮೂರು ಪುಸ್ತಕಗಳನ್ನು ಒಣಗಿಸುತ್ತಿದ್ದ ದಿನ ಅಮ್ಮ ಜಗುಲಿಯಲ್ಲಿ ಪಕ್ಕ ಕೂತು ಹಾಳೆ ತಿರುವುತ್ತಿದ್ದರು. "ನಮ್ಮತ್ತೆ ವರ್ಷಾ ವರ್ಷಾ ಎಲ್ಲ ಕೆಳಗಿಳಿಸಿ ಗಾಳಿಗೆ ಹಾಕ್ತಿದ್ರು. ಅವರಿಗೆ ಓದಕ್ಕೆ ಬರ್ತಿರ್ಲಿಲ್ಲ" ಎಂದರು.

ನನ್ನ ಪ್ರಬಂಧದ ಆ ಅಧ್ಯಾಯದಲ್ಲಿ ಲೆಕ್ಕ ಬರೆದ ಯಜಮಾನರ ಹೆಸರುಗಳು ಬರುತ್ತವೆ. ಓದು ಬಾರದ ಆ ಅತ್ತೆಯ ಹೆಸರನ್ನೂ ಅಮ್ಮನಿಂದ ಕೇಳಿ ಬರೆದುಕೊಂಡಿದ್ದೇನೆ. ದಾಖಲೆಯ ಮೂಲವನ್ನು ಹೇಳುವ ಕಡೆ ಅದನ್ನು ಸೇರಿಸಬೇಕೆಂದಿದ್ದೇನೆ.